ಯಾವಾಗ ಫೋನ್ ಮಾಡಿದರೂ ಉತ್ತರ

"ಇದನ್ನ ಮಾರಿದ್ದು ಯಾರು?"

ಗಡ್ಡದವನೊಬ್ಬ ಕೌಂಟರಿನ ಮೇಲೆ ಡಿಸ್ಕ್ ಇಟ್ಟು ಕೇಳಿದ ಧಾಟಿಗೆ ಅವಳು ಕುರ್ಚಿಯಿಂದ ಎದ್ದೇಬಿಟ್ಟಳು.

ಅಂಗಡಿ ಅವಳ ಅಕ್ಕನ ಗಂಡನದು, ಕಂಪ್ಯೂಟರ್ ರಿಪೇರಿಯದು. ಆದರೆ ನೆಟ್‌ನಲ್ಲಿ ಪುಕ್ಕಟೆ ಸಿಗುವ ಆಪರೇಟಿಂಗ್ ಸಿಸ್ಟಮ್ ಅನ್ನು ಡಿಸ್ಕಿಗಿಳಿಸಿ, ಚೀಟಿ ಅಂಟಿಸಿ ಮಾರುವ ಉಪಾಯ ಮಾತ್ರ ಅವಳದೇ.

"ನಾನೇ... ಏನಾಯ್ತು ಸರ್?"

"ಇದರಲ್ಲಿ ಪ್ರಿಂಟರ್ ನಡೆಸೋ ಭಾಗ ಬರ್ದಿರೋದು ನಾನು."

ಸತ್ತೆ! ಪೊಲೀಸರ ಹತ್ತಿರ ಹೋಗುತ್ತಾನೆ...

"ತಪ್ಪಾಯ್ತು ಸರ್, ಉಳಿದಿರೋದನ್ನೆಲ್ಲ..."

"ಅಯ್ಯೋ, ಮಾರ್ಕೊಳ್ಳಿ! ಇದನ್ನ ಯಾರ್ ಬೇಕಾದ್ರೂ ಕಾಪಿ ಮಾಡ್ಬಹುದು, ತಿದ್ದಬಹುದು, ಮಾರ್ಬಹುದು. ಆದ್ರೆ ತಗೊಂಡೋನು ಕಂಪ್ಯೂಟರಿಗೆ ಹಾಕೋವಾಗ ಅರ್ಧದಲ್ಲಿ ಸಿಕ್ಕಾಕೊಂಡ್ರೆ ಯಾರನ್ನ ಕೇಳ್ಬೇಕು?"

"ನನ್ನನ್ನ ಕೇಳ್ಲಿ," ಎಂದುಬಿಟ್ಟಳು.

ಆ ಒಂದು ಮಾತಿಗೆ ಕಂಪನಿ ಹುಟ್ಟಿತು. ಗಡ್ಡದವನು ಪಾಲುದಾರನಾದ. ಭಾವ ಅಂಗಡಿಯ ಹಿಂದಿನ ಸ್ಟೋರ್ ರೂಮ್ ಬಿಟ್ಟುಕೊಟ್ಟರು. ಪೊಟ್ಟಣದ ಮೇಲೆ ಅವಳು ತಾನೇ ಬರೆದಳು: 'ಕೊಂಡ ದಿನದಿಂದ ಮೂವತ್ತು ದಿನ, ಯಾವಾಗ ಫೋನ್ ಮಾಡಿದರೂ ಉತ್ತರ.'

ಬರೆಯುವಾಗ ಯೋಚಿಸಿರಲಿಲ್ಲ, ಪಾಪ! ಇವತ್ತು ಮಾರಿದ ಡಿಸ್ಕಿಗೆ ಇವತ್ತಿನಿಂದ ಮೂವತ್ತು ದಿನ, ನಾಳೆ ಮಾರಿದ್ದಕ್ಕೆ ನಾಳೆಯಿಂದ. ಮಾರಾಟ ನಿಲ್ಲುವವರೆಗೆ ಆ ಮೂವತ್ತು ದಿನ ಮುಗಿಯುವಂತಿರಲಿಲ್ಲ. ಮಾರಾಟ ನಿಲ್ಲಲೂ ಇಲ್ಲ.

ಆ ರೂಮಿಗೆ ಕಿಟಕಿಯಿರಲಿಲ್ಲ. ಫೋನಿನ ವೈರು ಮೇಜಿನಿಂದ ಬಾಗಿಲಿನವರೆಗೂ ಬರುತ್ತಿರಲಿಲ್ಲ. ಎರಡು ವರ್ಷ ಅವಳು ಆ ವೈರು ಬಿಟ್ಟಷ್ಟೇ ಓಡಾಡಿದಳು. ಅಕ್ಕನಿಗೆ ಹೆರಿಗೆಯಾದಾಗ ಮನೆಯವರೆಲ್ಲ ಆಸ್ಪತ್ರೆಗೆ ಹೋದರು. ಇವಳು ಮಾತ್ರ ಯಾರಿಗೋ ಯಾವ ಗುಂಡಿ ಒತ್ತಬೇಕೆಂದು ಹೇಳುತ್ತ ಕುಳಿತಿದ್ದಳು.

"ನೀನೆದ್ದು ಹೋದ್ರೆ ಕಂಪನಿಗೆ ಬಾಗಿಲು ಹಾಕ್ದಂಗೇ ಕಣಮ್ಮ," ಎನ್ನುತ್ತಿದ್ದರು ಭಾವ. ಇದು ಹೊಗಳಿಕೆಯೋ, ಬೀಗವೋ?

ಇದ್ದ ಸಮಾಧಾನವೆಂದರೆ ಗಡ್ಡದವನೊಬ್ಬನೇ. ಯಾರು ಏನು ಕೇಳಿದರು, ಹೇಗೆ ಹೇಳಿದರೆ ಅರ್ಥವಾಯಿತು ಎಂದು ಅವಳು ಬರೆದಿಡುತ್ತಿದ್ದ ನೋಟ್‌ಬುಕ್ಕನ್ನು ಅವನು ದಿನಾ ಸಂಜೆ ಬಂದು ಓದುತ್ತಿದ್ದ.

"ಇಷ್ಟು ಸುಲಭವಾಗಿ ಹೇಳೋಕೆ ನಂಗೆ ಈ ಜನ್ಮದಲ್ಲಿ ಬರಲ್ಲ!"

ಆ ಸಂಜೆಗಾಗಿ ಅವಳು ಬೆಳಗಿನಿಂದ ಕಾಯುತ್ತಿದ್ದಳು. ಹೇಳುವ ಧೈರ್ಯ ಮಾತ್ರ ಬಂದಿರಲಿಲ್ಲ.

ಒಂದು ಸೋಮವಾರ ಫೋನುಗಳು ಕಡಿಮೆಯಾದವು. ಮಂಗಳವಾರ ಬಂದದ್ದು ಮೂರೇ. ಬುಧವಾರ ಒಬ್ಬ ಗಿರಾಕಿ, "ಮೇಡಂ, ನಿಮ್ಮ ಪುಸ್ತಕ ನೋಡ್ಕೊಂಡೇ ಎಲ್ಲಾ ಸರಿ ಮಾಡ್ಕೊಂಡೆ. ಥ್ಯಾಂಕ್ಸ್ ಹೇಳೋಣ ಅಂತ..." ಎಂದ.

"ಯಾವ ಪುಸ್ತಕ?"

"ನೆಟ್‌ನಲ್ಲಿದೆಯಲ್ಲ, ಫ್ರೀಯಾಗಿ!"

ತೆರೆದು ನೋಡಿದರೆ ಅವಳದೇ ನೋಟ್‌ಬುಕ್! ಒಂದಕ್ಷರ ಬಿಡದೆ! ಹಾಕಿದವನ ಜಾಗದಲ್ಲಿ ಗಡ್ಡದವನ ಹೆಸರು.

ನನ್ನದು ಅಂತ ಇದ್ದದ್ದು ಅದೊಂದೇ... ಇನ್ನು ನನ್ನಿಂದ ಯಾರಿಗೆ ಏನಾಗಬೇಕು? ಭಾವ ಜಾಗ ಖಾಲಿ ಮಾಡು ಅಂದರೆ ಎಲ್ಲಿಗೆ ಹೋಗಲಿ?

ಅವಳೇ ಫೋನ್ ಮಾಡಿ ಗಡ್ಡದವನನ್ನು ಕರೆಸಿದಳು. ಅವನು ಮಧ್ಯಾಹ್ನವೇ ಓಡಿ ಬಂದ.

"ನನ್ನ ಓಡಿಸ್ಬೇಕು ಅಂತಿದ್ರೆ ನೇರವಾಗಿ ಹೇಳ್ಬೇಕಿತ್ತು!"

"ಓಡ್ಸೋದಾ? ಬಿಡಿಸೋಣ ಅಂತ..." ಅವನು ತಡವರಿಸಿದ. "ಅಕ್ಕನ ಮಗುನ ನೀವು ನೋಡಿದ್ದು ಎಂಟು ದಿನ ಆದ್ಮೇಲೆ. ಉತ್ತರ ಎಲ್ಲ ಹೊರಗಿದ್ರೆ ನೀವೂ ಹೊರಗೆ ಬರ್ಬಹುದು ಅಂದ್ಕೊಂಡೆ. ಬರ್ದಿದ್ದನ್ನ ಎಲ್ಲರಿಗೂ ಕೊಡೋದೇ ನಮ್ಗೆ ಅಭ್ಯಾಸ ಅಲ್ವಾ..."

"ನೀವು ಬರ್ದಿದ್ದನ್ನ ನೀವು ಕೊಡಿ. ಇದನ್ನ ಬರ್ದಿದ್ದು ನಾನು. ನನ್ನ ಕೇಳಿದ್ರಾ?"

ಅಷ್ಟು ಸಣ್ಣ ವಿಷಯ ಅವನಿಗೆ ಹೊಳೆದೇ ಇರಲಿಲ್ಲ.

"ಇಲ್ಲ... ಕೇಳ್ಲಿಲ್ಲ. ತಪ್ಪು ನಂದೇ. ಈಗ್ಲೇ ತೆಗೀತೀನಿ."

ಅವನು ಕೀಬೋರ್ಡಿಗೆ ಕೈಹಾಕಿದ. ಅವಳು ಆ ಕೈ ಹಿಡಿದು ತಡೆದಳು.

"ಬೇಡ. ಓದೋರು ಓದ್ಲಿ. ಈಗ ಕೊಡ್ತಿರೋದು ನಾನು."

ಗಲಾಟೆ ಕೇಳಿ ಭಾವ ಇಣುಕಿದರು. "ಪುಸ್ತಕ ಪುಕ್ಕಟೆ ಕೊಟ್ರೆ ಡಿಸ್ಕ್ ಯಾರಮ್ಮ ತಗೋತಾರೆ?"

"ಡಿಸ್ಕಲ್ಲಿರೋದೂ ಮೊದ್ಲಿಂದ ಪುಕ್ಕಟೆನೇ ಭಾವ. ಜನ ತಗೊಳ್ಳಿಲ್ವಾ? ಇನ್ಮೇಲೆ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಮಾತ್ರ ಫೋನ್. ಹೊಸ ಚೀಟಿ ನಾನೇ ಬರೀತೀನಿ."

ಭಾವ ತಲೆ ಕೆರೆದುಕೊಳ್ಳುತ್ತ ಕೌಂಟರಿಗೆ ಮರಳಿದರು. ಅವಳಿನ್ನೂ ಅವನ ಕೈ ಬಿಟ್ಟಿರಲಿಲ್ಲ.

"ಇನ್ನೊಂದು ವಿಷಯ ಇದೆ," ಎಂದ ಅವನು ಮೆಲ್ಲಗೆ. "ಆ ನೋಟ್‌ಬುಕ್ ಓದಿ ಮುಗಿಸಿದ್ಮೇಲೂ ನಾನು ಸುಮ್ನೆ ಕೂತಿರ್ತಿದ್ದೆ. ನಿಮಗೋಸ್ಕರ."

"ಗೊತ್ತು. ಪುಟಾನೇ ತಿರುಗಿಸ್ತಿರ್ಲಿಲ್ಲ ನೀವು."

"ಗೊತ್ತಿದ್ದೂ ಯಾಕೆ ಏನೂ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ವಲ್ಲ!"

ಅವನು ಉಸಿರೆಳೆದುಕೊಂಡ. "ಈಗ ಕೇಳ್ತಿದ್ದೀನಿ. ನನ್ನ ಮದುವೆ ಆಗ್ತೀರಾ?"

ಅವಳ ಕಣ್ಣು ತುಂಬಿತು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

"ಇಲ್ಲಿ ಬೇಡ... ಹೊರಗೆ ಬನ್ನಿ, ಹೇಳ್ತೀನಿ."