ಬಸವಂತರಾಯರ ಎರಡು ಜೀವದ ಕಾರು

ಎಂಬತ್ತೊಂಬತ್ತರ ಎಳ್ಳಮಾವಾಸ್ಯೆ ಕಳೆದ ಮರುದಿನ ಮಧ್ಯಾಹ್ನ ರಸೂಲನ ಹೆಂಡತಿ ಪ್ಯಾರಿಬಿ ಸುಭದ್ರಾಬಾಯಿಯವರ ಬಾಗಿಲಿಗೆ ಬಂದಾಗ ಅವಳ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅಲ್ಲೇ ಕೂತಿದ್ದ ಗೆಳತಿ ಹೀರಾಬಾಯಿ ಒಂದು ಲೋಟ ನೀರು ತಂದುಕೊಟ್ಟು ಚಾಪೆ ಹಾಸಿದರು.

ಗೆಳತಿಯರಿಬ್ಬರೂ ಆಳಂದದ ಹೆಣ್ಣುಮಕ್ಕಳ ಶಾಲೆಯಲ್ಲಿ ಕೂದಲು ನರೆಯುವವರೆಗೆ ಪಾಠ ಮಾಡಿದವರು. ಸುಭದ್ರಾಬಾಯಿ ವಿಜ್ಞಾನ, ಹೀರಾಬಾಯಿ ಗಣಿತ. ನಿವೃತ್ತಿಯಾದ ಮೇಲೆ ಊರಿನಲ್ಲಿ ಯಾರ ಮನೆಯಲ್ಲಿ ಏನು ಬಿಡಿಸಲಾಗದ ಗಂಟು ಬಿದ್ದರೂ ಜನ ಸುಭದ್ರಾಬಾಯಿಯವರನ್ನೇ ಕೇಳಿಕೊಂಡು ಬರುತ್ತಿದ್ದರು. ಲೆಕ್ಕ ಕಲಿಸಿದವಳು ನಾನು, ಬಿಡಿಸುವವಳು ಅವಳೇ ಎಂಬ ಸಣ್ಣ ಉರಿ ಹೀರಾಬಾಯಿಗೆ ಒಳಗೆ ಇದ್ದೇ ಇತ್ತು. ಆದರೂ ಗೆಳತಿಯ ಬೆನ್ನು ಬಿಟ್ಟವರಲ್ಲ.

"ಅಕ್ಕೋರ, ನಮ್ಮ ಮನಿಯವರ ಹೆಸರು ಕೆಡಿಸ್ಯಾರ್ರಿ," ಅಂದಳು ಪ್ಯಾರಿಬಿ. "ಬಸವಂತರಾಯರ ಗಾಡಿ ಬ್ಯಾಟರಿ ಇವರೇ ಖಾಲಿ ಮಾಡ್ಯಾರಂತ. ಬಾಡಿಗಿ ಜೀಪು ನಿಲ್ಲೂ ಅಡ್ಡಾಕ್ಕ ಹೋಗಿ ಎಲ್ಲಾರ ಮುಂದ ಹೇಳಿಬಿಟ್ಟಾರ. ಇನ್ನ ಯಾರು ಕೆಲಸ ಕೊಡ್ತಾರ್ರಿ? ನಾಳೆ ಪುಣೆಕ್ಕ ಹೋಗೂಣು ಅನ್ನಾಕತ್ತಾರ."

ಆ ಗಾಡಿಯ ಸುದ್ದಿ ಊರಿಗೆಲ್ಲ ಗೊತ್ತಿತ್ತು. ಬಸವಂತರಾಯ ಕಲಬುರ್ಗಿಯ ಪಾಲಿಟೆಕ್ನಿಕ್ಕಿನಲ್ಲಿ ಮೇಷ್ಟ್ರು. ಮೆಕ್ಯಾನಿಕ್ ರಸೂಲನನ್ನು ಜೊತೆಗಿಟ್ಟುಕೊಂಡು ಹಳೆಯ ಫಿಯಟ್ ಕಾರಿಗೆ ಎರಡನೆಯ ಜೀವ ಕೊಟ್ಟಿದ್ದರು. ಗೋಡೆಯ ಪ್ಲಗ್ಗಿಗೆ ವೈರು ಸಿಕ್ಕಿಸಿದರೆ ಡಿಕ್ಕಿಯ ಬ್ಯಾಟರಿಗಳು ತುಂಬುತ್ತಿದ್ದವು. ಹಿಂದಿನ ಸೀಟು ಕಿತ್ತು ಕೂರಿಸಿದ ಮೋಟಾರು ಆ ಕರೆಂಟಿನಿಂದ ಕಾರನ್ನು ಸದ್ದಿಲ್ಲದೆ ಓಡಿಸುತ್ತಿತ್ತು. ಬ್ಯಾಟರಿ ಮುಗಿದರೆ ಹಿಡಿಕೆ ತಿರುಗಿಸಿ ಪೆಟ್ರೋಲ್ ಎಂಜಿನ್ ಹಚ್ಚಿಕೊಳ್ಳಬಹುದಿತ್ತು. ಕಲಬುರ್ಗಿಯ ಪೇಪರಿನಲ್ಲಿ ಚಿತ್ರವೂ ಬಂದಿತ್ತು. ಚಿತ್ರದಲ್ಲಿ ಬಸವಂತರಾಯರು ಮಾತ್ರ ಇದ್ದರು. ಅಂದಿನಿಂದ ರಸೂಲನಿಗೆ ಹೊಟ್ಟೆಕಿಚ್ಚು ಎಂದು ಜನ ಆಡಿಕೊಳ್ಳುತ್ತಿದ್ದರು.

ಪ್ಯಾರಿಬಿ ಬಂದ ದಿನವೇ ಬೆಳಿಗ್ಗೆ ಸೋಲಾಪುರದ ಸಾಹುಕಾರರೊಬ್ಬರು ಕಾರು ನೋಡಲು ಬಂದಿದ್ದರು. ನಿಂಬರ್ಗಾದವರೆಗೆ ಒಂದು ಹನಿ ಪೆಟ್ರೋಲ್ ಇಲ್ಲದೆ ಹೋಗಿ ತೋರಿಸುವ ಮಾತಾಗಿತ್ತು. ಕಾರು ಊರಿನ ಅಗಸಿ ಬಾಗಿಲು ದಾಟುವಷ್ಟರಲ್ಲಿ ಬ್ಯಾಟರಿ ಬರಿದು. ಎಂಜಿನ್ ಹಚ್ಚಿ ವಾಪಸು ಬರಬೇಕಾಯಿತು. ಸಾಹುಕಾರರು ನಕ್ಕು, "ಭಾರ ಹೊತ್ತ ಫಿಯಟ್" ಎಂದು ಹೋಗಿಬಿಟ್ಟರು.

ಸಂಜೆಯ ಹೊತ್ತಿಗೆ ಗೆಳತಿಯರು ಬಸವಂತರಾಯರ ವಾಡೆಗೆ ಹೋದರು. ಅಂಗಳದಲ್ಲಿ ಅವರ ಅಣ್ಣ ದೌಲತರಾಯರ ಬಾಡಿಗೆ ಜೀಪುಗಳು ನಿಂತಿದ್ದವು. ಒಂದು ಜೀಪಿನ ಗಾಲಿಗೆ ಕೊಟ್ಟಿದ್ದ ಕಲ್ಲಿಗೆ ಹೀರಾಬಾಯಿ ಎಡವಿದರು. "ನೋಡಿ ನಡೀರಿ ಅಕ್ಕೋರ," ಎಂದು ದೌಲತರಾಯರೇ ಬಂದು ಕೈ ಹಿಡಿದರು. "ನಮ್ಮ ಜೀಪಿಗೆ ಹ್ಯಾಂಡಬ್ರೇಕ್ ಅನ್ನೂದು ಹೆಸರಿಗಷ್ಟೇ ಅದ. ಕಾರು ನೋಡಾಕ ಬಂದೀರೇನು? ನೋಡ್ರಿ ನೋಡ್ರಿ. ನಮ್ಮ ತಮ್ಮಗ ಇಬ್ಬರು ಹೆಂಡರು. ಒಬ್ಬಾಕಿ ಪೆಟ್ರೋಲ್ ಕುಡಿತಾಳ, ಒಬ್ಬಾಕಿ ಕರೆಂಟ್ ತಿಂತಾಳ. ಇಬ್ಬರೂ ಕೂಡಿ ಅಗಸಿ ದಾಟಲಿಲ್ಲ."

"ನೀವು ಒಮ್ಮೆಯೂ ಕುಂತು ನೋಡಿಲ್ಲೇನ್ರಿ?" ಅಂದರು ಸುಭದ್ರಾಬಾಯಿ.

"ಆ ಡಬ್ಬಿಯೊಳಗ ನಾ ಕಾಲಿಟ್ಟವನೇ ಅಲ್ಲ."

ಬಸವಂತರಾಯರ ಕಣ್ಣು ಕೆಂಪಾಗಿದ್ದವು. "ನಿನ್ನೆ ಮುಂಜಾನೆ ಬ್ಯಾಟರಿ ಪೂರಾ ತುಂಬಿ ಪ್ಲಗ್ ತಗದೇನ್ರಿ. ಆಮ್ಯಾಲ ಎಲ್ಲಾರೂ ಹಬ್ಬದ ಅಡಗಿ ಕಟಗೊಂಡು ಬೆಳಿಗೆ ಚರಗ ಚೆಲ್ಲಾಕ ಹೊಲಕ್ಕ ಹೋದ್ವಿ. ಊರೇ ಖಾಲಿ ಇತ್ತು. ರಸೂಲ ಒಬ್ಬನೇ ತನ್ನ ಗ್ಯಾರೇಜಿನ್ಯಾಗ ಇದ್ದ. ಸಂಜಿಗೆ ಬಂದು ಬಾನೆಟ್ ಮುಟ್ಟಿದೆ, ತಣ್ಣಗಿತ್ತು. ಪೆಟ್ರೋಲಿನ ಮುಳ್ಳು ಇದ್ದಲ್ಲೇ ಇತ್ತು. ಗಾಡಿ ಕದಲಿಲ್ಲ ಅಂತ ನಿಶ್ಚಿಂತಿಲೆ ಮಲಗಿದೆ. ಕದಲದ ಗಾಡಿ ಬ್ಯಾಟರಿ ಖಾಲಿ ಆಗ್ಬೇಕಂದ್ರ ವೈರಿನ ಕೆಲಸ ಗೊತ್ತಿದ್ದವನೇ ಮಾಡ್ಯಾನ. ಅವನ ಬಿಟ್ಟು ಯಾರಿಗೆ ಗೊತ್ತದರಿ?"

"ಕೀಲಿ ಎಲ್ಲಿರ್ತದ?" ಕೇಳಿದರು ಸುಭದ್ರಾಬಾಯಿ.

"ನಡುಮನಿ ಮೊಳಿಗೆ. ಮನಿಯವರಿಗೆಲ್ಲಾ ಗೊತ್ತು, ರಸೂಲಗೂ ಗೊತ್ತು."

"ಸಂಜಿಗೆ ಬಂದಾಗ ಬ್ಯಾರೆ ಏನರೆ ಕಂಡಿತೇನು? ಸಣ್ಣದಿದ್ರೂ ಹೇಳ್ರಿ."

ಅವರು ಯೋಚಿಸಿದರು. "ಹಿಂದಿನ ಗಾಲಿಗೆ ಕಲ್ಲು ಕೊಟ್ಟಿತ್ತು. ರಸೂಲ ಇಟ್ಟಿರಬೇಕು. ಮತ್ತ ನಮ್ಮ ಬೆಕ್ಕು ಗಾಡಿ ಒಳಗ ಮಲಗಿತ್ತು, ಮೋಟಾರಿನ ತಗಡಿನ ಮ್ಯಾಲ. ಥಂಡಿ ದಿನದಾಗ ಅದು ದಿನಾ ಬಾನೆಟ್ ಮ್ಯಾಲ ಮಲಗ್ತದ. ನಿನ್ನೆ ಯಾಕೋ ತೆರೆದ ಕಿಡಕಿಯಿಂದ ಒಳಗ ಹೊಕ್ಕಿತ್ತು."

ಸುಭದ್ರಾಬಾಯಿ ಕಾರಿನ ಹಿಡಿಕೆಯನ್ನು ನೋಡಿ, ಅದು ಹೇಗೆ ತಿರುಗುತ್ತದೆಂದು ಕೇಳಿ ತಿಳಿದುಕೊಂಡರು. ಎಡಕ್ಕೆ ಎಂಜಿನ್, ಬಲಕ್ಕೆ ಮೋಟಾರು, ನಡುವೆ ಇಟ್ಟರೆ ಎರಡೂ ಗಾಲಿಯ ಸಂಬಂಧ ಬಿಡುತ್ತಿದ್ದವು. ಮೇಲೆ ಯಾವ ಗುರುತೂ ಬರೆದಿರಲಿಲ್ಲ. ಕಾರು ನಿಂತಿದ್ದ ಸಿಮೆಂಟಿನ ನೆಲ ತಟ್ಟೆಯಂತೆ ಸಮವಾಗಿತ್ತು.

ಹೀರಾಬಾಯಿ ಅಡುಗೆಮನೆಗೆ ಹೋದರು. ಬಸವಂತರಾಯರ ಹೆಂಡತಿ ಶಿವಕಾಂತಾ ಬುತ್ತಿ ಕಟ್ಟುತ್ತಿದ್ದಳು. ಯಾರಿಗೆ ಎಂದರೆ ದನಿ ತಗ್ಗಿಸಿ, "ರಸೂಲಣ್ಣಗರಿ. ಇವರು ಬೈದಾರಂತ ಅವರ ಮಕ್ಕಳು ಹಸದು ಮಲಗಬೇಕೇನ್ರಿ?" ಅಂದಳು. ನಿನ್ನೆಯ ಹೊಲದೂಟದ, ಭಾವ ದೌಲತರಾಯರ ಮಾತು ಬಂತು. "ಭಾವ ಬಂದಾಗ ಎಲ್ಲಾರೂ ಉಂಡು ನೆಳ್ಳಾಗ ಮಲಗಿದ್ರು. ನಾನೇ ಅವರ ಪಾಲಿನ ಭಜ್ಜಿ, ಕಡಬು ಮುಚ್ಚಿಟ್ಟಿದ್ದೆ. ನಿಂತುಗೊಂಡೇ ಉಂಡ್ರು. ಪೇಪರಿನ್ಯಾಗ ಇವರ ಚಿತ್ರ ಬಂದಾಗಿಂದ ಮುಖ ಗಂಟಿಕ್ಕಿದವರು ನಿನ್ನೆ ನಕ್ಕೋತ, ನನ್ನ ಕೂಡನೂ ಚೇಷ್ಟಿ ಮಾಡಿದ್ರು. ನನಗ ಭಾಳ ಸಮಾಧಾನ ಆತು."

ಮನೆಗೆ ನಡೆಯುವಾಗ ಹೀರಾಬಾಯಿ ಇದನ್ನು ಹೇಳಿದರು. ಸುಭದ್ರಾಬಾಯಿ ರಸ್ತೆಯಲ್ಲೇ ನಿಂತರು. "ಹೀರಾ, ಇವತ್ತಿನ ಗಂಟು ಬಿಚ್ಚಿದಾಕಿ ನೀನು," ಎಂದರು. ಹೇಗೆಂದು ಹೀರಾಬಾಯಿಗೆ ತಿಳಿಯಲಿಲ್ಲ. ಆದರೂ ಮಾತು ಸಿಹಿಯಾಗಿತ್ತು.

ಮರುದಿನ ಬೆಳಿಗ್ಗೆ ಎಲ್ಲರೂ ವಾಡೆಯ ಪಡಸಾಲೆಯಲ್ಲಿ ಸೇರಿದರು. ರಸೂಲ ಪ್ಯಾರಿಬಿಯ ಜೊತೆ ಬಂದು ಕಂಬಕ್ಕೆ ಒರಗಿ ನಿಂತಿದ್ದ. ಶಿವಕಾಂತಾ ಅವನ ಮುಂದೆಯೂ ಚಹಾ ಇಟ್ಟಳು.

"ಮೊದಲು ರಸೂಲನ್ನ ಕೇಳ್ತೇನಿ," ಅಂದರು ಸುಭದ್ರಾಬಾಯಿ. "ಪೇಪರಿನ ಚಿತ್ರ ನೋಡಿ ಹೊಟ್ಟಿ ಉರೀತೇನಪಾ?"

"ಉರೀತ್ರಿ," ಅಂದ ರಸೂಲ. "ಸುಳ್ಳ್ಯಾಕ ಹೇಳ್ಲಿ. ಆದ್ರ ಅದು ನನ್ನ ಕೈಯಾಗ ಹುಟ್ಟಿದ ಗಾಡಿರಿ. ಅದರ ಕುತ್ತಿಗಿ ಹಿಚುಕಲೇನು?"

"ಗಾಲಿಗೆ ಕಲ್ಲು ನೀ ಇಟ್ಟಿದ್ದೇನು?"

"ಸಮ ನೆಲಕ್ಕ ಕಲ್ಲು ಯಾಕ್ರಿ?"

ಸುಭದ್ರಾಬಾಯಿ ಬಸವಂತರಾಯರ ಕಡೆ ತಿರುಗಿದರು. "ರಾಯರ, ಎರಡು ಜೀವದ ಗಾಡಿ ಕಟ್ಟಿ, ನಾಡಿ ಮಾತ್ರ ಒಂದೇ ಜೀವದ್ದು ಹಿಡಿದು ನೋಡಿದ್ರಿ. ಎಂಜಿನ್ ತಣ್ಣಗಿತ್ತು, ಪೆಟ್ರೋಲ್ ಇದ್ದಲ್ಲೇ ಇತ್ತು. ಎಂಜಿನ್ ಓಡಿಲ್ಲ ಅನ್ನಾಕ ಅಷ್ಟು ಸಾಕು. ಗಾಡಿ ಓಡಿಲ್ಲ ಅನ್ನಾಕ ಸಾಲೂದಿಲ್ಲ. ನಿಮ್ಮ ಬೆಕ್ಕು ನಿಮಗಿಂತ ಚಲೋ ನೋಡ್ಯದ. ಥಂಡಿಯಾಗ ಅದು ಬೆಚ್ಚಗಿರೂ ಜಾಗ ಹುಡುಕಿ ಮಲಗ್ತದ. ಅವತ್ತು ಬೆಚ್ಚಗಿದ್ದದ್ದು ಮೋಟಾರು."

ಬಸವಂತರಾಯರು ಕಾರಿನ ಕಡೆ ತಿರುಗಿ ನೋಡಿದರು.

"ಅಂದ್ರ ಯಾರೋ ಗಾಡಿ ಓಡಿಸ್ಯಾರ. ಸದ್ದಿಲ್ಲ, ಹಂಗಾಗಿ ದಾರಿ ಬಾಜೂಕಿನ ಹೊಲದಾಗ ಉಂಡು ಮಲಗಿದವರು ತಲಿ ಎತ್ತಲಿಲ್ಲ. ರಸೂಲ ಕೆಡಿಸಬೇಕಂದಿದ್ರ ಒಂದು ವೈರು ಸಡಿಲ ಮಾಡಿದ್ರ ಸಾಕಿತ್ತು, ತಿರುಗಾಡೂ ಅವಶ್ಯ ಇದ್ದಿಲ್ಲ. ತಿರುಗಾಡಿದವಗ ಕೆಡಿಸೂ ಮನಸ್ಸೇ ಇರಲಿಲ್ಲ. ಕರೆಂಟ್ ಖರ್ಚಾದದ್ದು ಅವಗ ಗೊತ್ತೇ ಆಗಿಲ್ಲ. ಪೆಟ್ರೋಲಿನ ಮುಳ್ಳು ನೋಡಿ, ಏನೂ ಕಡಿಮಿ ಆಗಿಲ್ಲ ಅಂತ ಇಟ್ಟು ಹೋಗ್ಯಾನ." ಅವರು ಚಹಾ ಗುಟುಕರಿಸಿದರು. "ಒಂದು ದಡ್ಡತನನೂ ಮಾಡ್ಯಾನ. ಇಳಿಜಾರಿನ್ಯಾಗ ಹಿಡಿಕಿ ನಡುವ ಇಟ್ಟಾನ."

"ದಡ್ಡತನ ಹೆಂಗಾಗ್ತದ್ರಿ?" ಅಂದರು ದೌಲತರಾಯರು. "ಇಳಿಜಾರಿಗೆ ನ್ಯೂಟ್ರಲ್ ಮಾಡಿದ್ರನ ಉಳಿತಾಯ. ಯಾವ ಡ್ರೈವರನ್ನರೆ ಕೇಳ್ರಿ."

"ಬ್ಯಾರೆ ಗಾಡಿಗೆ ಖರೆ. ಈ ಗಾಡಿಗೆ ಉಲ್ಟಾ. ಹಿಡಿಕಿ ಮೋಟಾರಿನ ಕಡೆ ಬಿಟ್ಟಿದ್ರ ಇಳಿಜಾರಿನ್ಯಾಗ ಗಾಲಿನೇ ಮೋಟಾರು ತಿರುಗಿಸಿ, ಡೈನಮೋದಂಗ ಬ್ಯಾಟರಿ ತುಂಬತಿತ್ತು. ಒಂದಿಷ್ಟರೆ ಉಳೀತಿತ್ತು." ಸುಭದ್ರಾಬಾಯಿಯವರ ದನಿ ಮೆತ್ತಗಾಯಿತು. "ನಾ ಬೇಕಂತನ ಹಿಡಿಕಿ ನಡುವ ಅಂದೆ, ನೀವು ನ್ಯೂಟ್ರಲ್ ಅಂದ್ರಿ. ಈ ಹಿಡಿಕಿ ಇವರಿಬ್ಬರೇ ಕೈಯಿಂದ ಮಾಡಿದ್ದು. ಮ್ಯಾಲೆ ಏನೂ ಬರದಿಲ್ಲ. ಕಾಲಿಡದವರಿಗೆ ಅದು ಹೆಂಗ ಗೊತ್ತಾತ್ರಿ, ದೌಲತರಾಯರ?"

ದೌಲತರಾಯರು ಕೈಯಲ್ಲಿದ್ದ ಚಹಾ ಕೆಳಗಿಟ್ಟರು.

"ಕಲ್ಲಿನ ಮಾತು ಕೇಳಿದಾಗನ ಸಂಶಯ ಬಂತು," ಅಂದರು ಸುಭದ್ರಾಬಾಯಿ. "ಸಮ ನೆಲ ಇದ್ರೂ ಗಾಲಿಗೆ ಕಲ್ಲು ಕೊಡೂದು ಜೀಪಿನವರ ಕೈಗೆ ಅಂಟಿದ ಚಾಳಿ. ಹೊಲಕ್ಕ ತಡಾ ಮಾಡಿ, ನಕ್ಕೋತ ಬಂದವರು ನೀವೊಬ್ಬರೇ ಅಂತ ಹೀರಾ ತಿಳಕೊಂಡು ಬಂದಳು. ಮುಖ ಗಂಟಿಕ್ಕಿದವರು ಒಂದೇ ದಿನದಾಗ ಯಾಕ ನಕ್ಕರು ಅಂತ ವಿಚಾರ ಮಾಡಿದೆ."

ದೌಲತರಾಯರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟರು. "ಊರಾಗ ಗಾಡಿ ಅಂದ್ರ ದೌಲತರಾಯ ಅಂತಿದ್ರು," ಅಂದರು. "ಈಗ ಎಲ್ಲಾರೂ ನಮ್ಮ ತಮ್ಮನ್ನ ಕೇಳಾಕತ್ತಾರ. ಎಲ್ಲಾರ ಮುಂದ ನಕ್ಕು ಹಗುರ ಮಾಡಿದೆ. ಹಿಂಗ ನಕ್ಕವ, ಕುಂಡ್ರಸಿಕೊಂಡು ಹೋಗಪಾ ಅಂತ ಹೆಂಗ ಕೇಳ್ಲಿ? ಖಜೂರಿ ದಾರಿಗೆ ಒಂದು ಸುತ್ತು ಅಂತ ಹೋದೆ. ವಾಪಸ್ ತಿರುಗಸಾಕ ಮನಸ್ಸೇ ಬರಲಿಲ್ಲ." ಅವರು ತಲೆ ಎತ್ತಲಿಲ್ಲ. "ರಸೂಲನ ಮ್ಯಾಲ ತಪ್ಪು ಬಂದಾಗ ಹೇಳಬೇಕಿತ್ತು. ನಾಲಿಗಿ ಏಳಲಿಲ್ಲ."

ಬಸವಂತರಾಯರು ರಸೂಲನ ಹತ್ತಿರ ಹೋದರು. "ತಪ್ಪಾತು. ನಾಳೆಯಿಂದ ಬಾ."

"ನಾಕು ಗೋಡಿ ನಡುವ ಹೇಳಿದ್ರ ಏನಾತ್ರಿ?" ಅಂದ ರಸೂಲ. "ನಾ ಕೆಡಿಸೇನಿ ಅಂದದ್ದು ಜೀಪಿನ ಅಡ್ಡಾದಾಗ."

ಆ ಮಾತಿಗೆ ಎದ್ದವರು ದೌಲತರಾಯರು. ಯಾರಿಗೂ ಕಾಯದೆ ನಡೆದೇ ಹೋದರು. ಉಳಿದವರು ಹಿಂಬಾಲಿಸಿದರು. ಪ್ಯಾರಿಬಿಯ ಕೈ ಹಿಡಿದುಕೊಂಡು ಹೀರಾಬಾಯಿ ಹಿಂದೆ ಬಂದರು.

ಅಡ್ಡಾದಲ್ಲಿ ಡ್ರೈವರುಗಳು ಬೀಡಿ ಸೇದುತ್ತ ಕೂತಿದ್ದರು. ದೌಲತರಾಯರನ್ನು ಕಂಡು ಎದ್ದು ನಿಂತರು. "ಕೇಳ್ರಿಲೇ," ಅಂದರು ಅವರು. "ರಸೂಲಂದು ಏನೂ ತಪ್ಪಿಲ್ಲ. ಆ ಗಾಡಿ ಕದ್ದು ಓಡಿಸಿದವ ನಾನು. ಬ್ಯಾಟರಿ ಮುಗಿಸಿದವನೂ ನಾನು."

ಡ್ರೈವರ್ ಅಬ್ದುಲ್ ಗನಿ ಬೀಡಿ ಆರಿಸಿ ಮೆಲ್ಲಗೆ ಕೇಳಿದ, "ಹೆಂಗಿತ್ತು ಅಣ್ಣಾ?"

ದೌಲತರಾಯರು ತಮ್ಮನನ್ನು ನೋಡಿದರು, ರಸೂಲನನ್ನು ನೋಡಿದರು. ಆ ಒಂದು ಮಾತು ಹೊರಗೆ ಬರಲು ಅವರು ಪಟ್ಟ ಕಷ್ಟ ಹೀರಾಬಾಯಿಗೆ ಚೆನ್ನಾಗಿ ಅರ್ಥವಾಯಿತು.

"ಭಾರಿ ಇತ್ತಲೇ," ಅಂದರು. "ನೀರಿನ ಮ್ಯಾಲ ಹೋದಂಗಿತ್ತು. ರಸೂಲನ ಕೈಕೆಲಸ ಅಂದ್ರ ಕೈಕೆಲಸ."

ರಸೂಲ ಮುಖ ಆಚೆ ತಿರುಗಿಸಿಕೊಂಡ. ಹಾಗೆ ನಿಂತೇ ಬಸವಂತರಾಯರಿಗೆ, "ಬ್ಯಾಟರಿ ಪ್ಲಗ್ಗಿಗೆ ಹಾಕೀರೇನ್ರಿ? ಹಾಕಿರ್ರಿ, ಮಧ್ಯಾಹ್ನಕ್ಕ ಬರ್ತೇನಿ," ಅಂದ.