ಹಳೆ ಕಿಟಕಿಯನ್ನು ಮೊದಲು ಕತ್ತರಿಸಬಾರದು

"ನಿಮ್ಮ ಹೊಲಿಗೆ ಮತ್ತೆ ಬಿಚ್ಕೊಂಡಿದೆ ಕಣ್ರೀ," ಎಂದು ವೆಂಡೆಲ್ ಡೆಲ್ಫಾಸ್ ಬಾಗಿಲಲ್ಲೇ ನಿಂತು ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು.

ಈ ವಸಂತದಲ್ಲಿ ಇದೇ ಮಾತನ್ನು ಎಷ್ಟು ಸಲ ಹೇಳಿದ್ದನೋ! ಸ್ಟರ್ಜನ್ ಬೇ ಬಂದರಿನಲ್ಲಿ ದೋಣಿಗಳಿಗೆ ಕ್ಯಾನ್ವಾಸ್ ಹೊಲಿದುಕೊಡುವ ಅಂಗಡಿ ನಮ್ಮದು, ನನ್ನದು ಮತ್ತು ಥೋರಾ ಚಿಕ್ಕಮ್ಮನದು. ಬಿರುಗಾಳಿಗೂ ಬಿಚ್ಚದ ನನ್ನ ಹೊಲಿಗೆ ಇವನೊಬ್ಬನ ದೋಣಿಯಲ್ಲಿ ಮಾತ್ರ ವಾರ ಬಿಟ್ಟು ವಾರ ಬಿಚ್ಚಿಕೊಳ್ಳುತ್ತಿತ್ತು. ಅದನ್ನು ಹೇಳುವಾಗ ಅವನ ಕಣ್ಣಲ್ಲೊಂದು ನಗು ಬೇರೆ. ಕಂದು ಕಣ್ಣುಗಳು, ಅಂಚಿನಲ್ಲಿ ಬಿಸಿಲಿಗೆ ಬಿದ್ದ ಸಣ್ಣ ಗೆರೆಗಳು. ನೋಡಬಾರದು ಎಂದುಕೊಳ್ಳುತ್ತಲೇ ಎಲ್ಲ ನೋಡಿಟ್ಟಿದ್ದೆ.

"ನನ್ನ ಹೊಲಿಗೆ ಬಿಚ್ಚಲ್ಲ. ನೀವು ದೋಣಿ ಓಡಿಸ್ತೀರೋ, ಅದರ ಜೊತೆ ಕುಸ್ತಿ ಆಡ್ತೀರೋ?"

"ಬೈಯೋದಿದ್ರೆ ಇವತ್ತೇ ಪೂರ್ತಿ ಬೈದುಬಿಡಿ ಸನ್ನಿವಾ. ಇದೇ ಕೊನೇ ಸಲ."

ಅವನು ಹೆಗಲಿನಿಂದ ದೊಡ್ಡ ಗಂಟೊಂದನ್ನು ಇಳಿಸಿದ. ಅವನ 'ಲೂಸಿಲ್' ದೋಣಿಯಲ್ಲಿ ಚುಕ್ಕಾಣಿಯ ಸುತ್ತ ಕಟ್ಟುವ ಕ್ಯಾನ್ವಾಸ್ ಗೂಡು ಅದು. ಅದರ ಪ್ಲಾಸ್ಟಿಕ್ ಕಿಟಕಿಗಳೆಲ್ಲ ಮಜ್ಜಿಗೆ ಕುಡಿದಿಟ್ಟ ಲೋಟದ ಹಾಗೆ ಮಂಕಾಗಿದ್ದವು.

"ಎಲ್ಲಾ ಕಿಟಕಿ ಹೊಸದು ಹಾಕ್ಬೇಕು. ಶನಿವಾರ ಲೇಕ್ ದಾಟಿ ಮಿಶಿಗನ್‌ಗೆ ಹೊರಟೆ. ಅಲ್ಲಿ ಜನರನ್ನ ದಾಟಿಸೋ ಫೆರಿ ನಡೆಸೋ ಕೆಲಸ ಇದೆ. ಅಲ್ಲೇ ಇದ್ದುಬಿಡ್ತೀನಿ."

ಹೋದರೆ ಹೋಗಲಿ, ಪೀಡೆ ತೊಲಗಿತು ಎಂದುಕೊಳ್ಳಲು ನೋಡಿದೆ. ಆಗಲಿಲ್ಲ. ಅಯ್ಯೋ ದೇವರೇ, ಇವನು ಹೋಗುವುದು ನನಗೆ ಬೇಡ! ಇಷ್ಟು ಸರಳ ಸಂಗತಿ ನನ್ನ ತಲೆಗೆ ಹೊಳೆದದ್ದು ಆಗಲೇ.

ನಮ್ಮ ಕೆಲಸವೆಲ್ಲ ನೆಲದ ಮೇಲೆ. ಹಲಗೆಯ ನುಣುಪು ಕೆಡಬಾರದೆಂದು ಯಾರೇ ಬಂದರೂ ಬೂಟು ಬಿಚ್ಚಲೇಬೇಕು. ವೆಂಡೆಲ್ ಬೂಟು ಬಿಚ್ಚಿ ಗೋಡೆಗೆ ಒರಗಿ ಕೂತ. ಅವನ ಕಾಲುಚೀಲದಿಂದ ಹೆಬ್ಬೆರಳು ಇಣುಕುತ್ತಿತ್ತು.

"ಅದನ್ನೂ ನಾನೇ ಹೊಲಿದಿದ್ದಾ?" ಎಂದೆ.

"ಇಲ್ಲ. ನೀವು ಹೊಲಿದಿದ್ರೆ ಇಷ್ಟು ದಿನ ಬಾಳ್ತಿರ್ಲಿಲ್ಲ."

ಚಿಕ್ಕಮ್ಮ ಕೆಮ್ಮುವ ನೆಪದಲ್ಲಿ ನಕ್ಕಳು. ಅವನು ತಂದಿದ್ದ ಬೆಲ್ಜಿಯನ್ ಪೈ ಅವಳ ಬಾಯಲ್ಲಿತ್ತು. ಅವನ ಅಜ್ಜಿ ಮಾಡಿದ ಸಿಹಿ ತಿಂಡಿ, ಹಣ್ಣಿನ ಮೇಲೆ ದಪ್ಪಗೆ ಚೀಸ್ ಸವರಿದ್ದು. ಲಂಚ ತಿಂದ ಮುಖ ಹೇಗಿರುತ್ತದೋ ಹಾಗೇ ಇತ್ತು ಚಿಕ್ಕಮ್ಮನ ಮುಖ.

ಕಿಟಕಿ ಬದಲಿಸುವ ಕೆಲಸಕ್ಕೆ ಇರುವುದು ಒಂದೇ ನಿಯಮ. ಹಳೆ ಕಿಟಕಿಯ ಮೇಲೇ ಹೊಸ ಪ್ಲಾಸ್ಟಿಕ್ ಹಾಸಿ ಸುತ್ತಲೂ ಹೊಲಿಯಬೇಕು. ಹಳೆಯದನ್ನು ಕತ್ತರಿಸಿ ತೆಗೆಯುವುದು ಆಮೇಲೆ. ಮೊದಲೇ ತೆಗೆದರೆ ಬಟ್ಟೆಗೆ ಹಿಡಿತ ತಪ್ಪಿ ಅಳತೆ ಕೆಡುತ್ತದೆ. ಪಕ್ಕದ ಕಿಟಕಿಗಳನ್ನೆಲ್ಲ ಹಾಗೇ ಮಾಡಿ ಮುಗಿಸಿದೆ. ಮುಂಭಾಗದ ದೊಡ್ಡ ಕಿಟಕಿಗೆ ಬಂದಾಗ ತಲೆಯೆತ್ತಿದೆ. ಅವನು ನನ್ನ ಕೈಯನ್ನಲ್ಲ, ನನ್ನನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದದ್ದು ಗೊತ್ತಾದರೂ ಅವನು ನೋಟ ತಿರುಗಿಸಲಿಲ್ಲ.

ನಾನು ಕತ್ತರಿ ತೆಗೆದುಕೊಂಡು ಹಳೆ ಕಿಟಕಿಯನ್ನು ಸರ್ರನೆ ಕತ್ತರಿಸಿಬಿಟ್ಟೆ.

"ಸನ್ನೀ!" ಚಿಕ್ಕಮ್ಮ ಪೈ ತಟ್ಟೆ ಕೆಳಗಿಟ್ಟಳು. "ಏನೇ ಮಾಡ್ದೆ ನೀನು?"

"ಗೊತ್ತು, ಗೊತ್ತು! ಸರಿ ಮಾಡ್ತೀನಿ, ಸುಮ್ನಿರು!" ಎಂದೆ. ಕೆನ್ನೆಯೆಲ್ಲ ಕಾದುಹೋಗಿತ್ತು.

ಕಣ್ಣಂದಾಜಿನಲ್ಲೇ ಹೊಲಿದು ಮುಗಿಸಿದೆ. ಶುಕ್ರವಾರ ಬೆಳಿಗ್ಗೆ ಚಳಿಗಾಳಿಯಲ್ಲಿ ನಾನೂ ವೆಂಡೆಲ್ಲೂ ಅದನ್ನು ದೋಣಿಗೆ ಏರಿಸಿದೆವು. ಪಕ್ಕದವೆಲ್ಲ ಚೆನ್ನಾಗಿ ಕೂತವು. ಮುಂಭಾಗದ್ದರ ಜಿಪ್ ಮಾತ್ರ ಎಷ್ಟು ಎಳೆದರೂ ಸೇರಲಿಲ್ಲ. ನಡುವೆ ಅಂಗೈ ತೂರುವಷ್ಟು ಸಂದು.

"ಪರವಾಗಿಲ್ಲ ಬಿಡಿ, ಟೇಪ್ ಅಂಟಿಸ್ಕೊಂಡು ಹೋಗ್ತೀನಿ."

"ಟೇಪಾ? ನನ್ನ ಕೆಲಸದ ಮೇಲೆ ಟೇಪಾ? ಹೊಡೀತೀನಿ ನೋಡಿ!"

ಅಂಚು ಬಿಚ್ಚಿ ಒಂದು ಪಟ್ಟಿ ಸೇರಿಸದೆ ಬೇರೆ ದಾರಿಯಿರಲಿಲ್ಲ. ಬಿಚ್ಚಲು ಹಿಡಿದದ್ದು ಅವನು ಮತ್ತೆ ಮತ್ತೆ ದೂರು ತರುತ್ತಿದ್ದ ಅದೇ ಅಂಚು. ಪ್ರತಿ ಸಲ ಕೋಪದಲ್ಲಿ, ಹಳೆ ದಾರ ಕೀಳಲೆಂದು ಅದನ್ನು ಚಿಕ್ಕಮ್ಮನ ಕಡೆ ಎಸೆದು ಆಮೇಲೆ ಹೊಲಿಯುತ್ತಿದ್ದೆನೇ ಹೊರತು ನಾನು ಕಣ್ಣಿಟ್ಟು ನೋಡಿರಲಿಲ್ಲ. ಈ ಸಲ ಕಿಟಕಿಯ ಗಡಿಬಿಡಿಯಲ್ಲಿ ಅದು ಹಾಗೇ ಉಳಿದಿತ್ತು; ಈಗ ನೋಡಿದೆ. ಬಿಸಿಲಿಗೆ ಸತ್ತ ದಾರ ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಈ ದಾರ ಗಟ್ಟಿಮುಟ್ಟಾಗಿತ್ತು. ತುದಿಗಳು ಬ್ಲೇಡಿನಲ್ಲಿ ಕೊಯ್ದಷ್ಟು ನೀಟಾಗಿದ್ದವು.

"ವೆಂಡೆಲ್."

"ಹಾಂ?"

"ಇದು ಬಿಚ್ಕೊಂಡಿದ್ದಲ್ಲ. ಕತ್ತರಿಸಿದ್ದು."

ಅವನ ಕಿವಿ ಚೆರ್ರಿ ಹಣ್ಣಿನಷ್ಟು ಕೆಂಪಾಯಿತು. "ಮೊದಲನೇ ಸಲ ನಿಜವಾಗ್ಲೂ ಬಿಚ್ಕೊಂಡಿತ್ತು, ಆಣೆ."

"ಆಮೇಲೆ?"

"ಆಮೇಲೆ... ಮೀನು ಕುಯ್ಯೋ ಚಾಕು."

"ಅಲ್ರೀ! ನನ್ನ ಹೊಲಿಗೆ ಕತ್ತರಿಸಿ, ನನ್ನ ಹತ್ರಾನೇ ಬಂದು, ನನ್ನ ಹೊಲಿಗೇನೇ ಸರಿಯಿಲ್ಲ ಅಂತ..." ರಾತ್ರಿ ನಿದ್ದೆ ಬಿಟ್ಟು ನನ್ನ ಕೈಕಸುಬನ್ನೇ ಅನುಮಾನಿಸಿದ್ದೆನಲ್ಲ!

"ನಿಮ್ಮ ಅಂಗಡಿಗೆ ಬರೋಕೆ ಬೇರೆ ಯಾವ ನೆಪಾನೂ ಸಿಗ್ಲಿಲ್ಲ ಸನ್ನಿವಾ. ಬಂದಾಗಲೆಲ್ಲ ನೀವು ಸಿಡುಕಿದ್ರಿ. ನನ್ನ ಕಂಡ್ರೆ ಆಗಲ್ಲ ಅಂದ್ಕೊಂಡೆ. ಇಲ್ಲಿನ ಫೆರಿಯವರೂ ಕೆಲಸಕ್ಕೆ ಕರೆದಿದ್ರು. ದಿನಾ ನಿಮ್ಮನ್ನ ನೋಡ್ತಾ ಸುಮ್ನೆ ಇರೋಕೆ ನನ್ನಿಂದಾಗಲ್ಲ ಅಂತ ಮಿಶಿಗನ್ ಒಪ್ಕೊಂಡೆ."

ಗಾಳಿಗೆ ಹಗ್ಗಗಳು ಪಟಪಟ ಬಡಿಯುತ್ತಿದ್ದವು.

"ನಿನ್ನೆ ನಿಮ್ಮ ಚಿಕ್ಕಮ್ಮ ಬಾಗಿಲ ತನಕ ಬಂದು ಒಂದು ಮಾತು ಹೇಳಿದ್ರು," ಎಂದ ಮೆಲ್ಲಗೆ. "ಹಳೇ ಕಿಟಕಿ ಮೊದಲು ಕತ್ತರಿಸೋ ತಪ್ಪು ಸನ್ನಿ ಕಲಿಯೋವಾಗಲೂ ಮಾಡಿರ್ಲಿಲ್ಲ, ನಿನ್ನೆದುರಿಗೆ ಮಾಡಿದ್ಲು ಅಂತ. ಯಾಕೆ ಮಾಡಿದ್ರಿ?"

ಅಯ್ಯೋ ಚಿಕ್ಕಮ್ಮಾ! ಕತ್ತರಿಸಿದ ದಾರ ಅವಳ ಕಣ್ಣು ತಪ್ಪಿರಲು ಸಾಧ್ಯವೇ? ಎಲ್ಲ ಗೊತ್ತಿದ್ದೂ ಪೈ ತಿನ್ನುತ್ತ ಕೂತಿದ್ದಳು ಪುಣ್ಯಾತ್ಗಿತ್ತಿ.

"ನೀನು ನೋಡ್ತಿದ್ದೆ, ಅದಕ್ಕೆ," ಎಂದೆ. 'ನೀನು' ಎಂದದ್ದು ನನಗೇ ತಡವಾಗಿ ಕೇಳಿಸಿತು. "ಹೋಗ್ತೀನಿ ಅಂದೆಯಲ್ಲ, ಅವಾಗಿಂದ ನನ್ನ ತಲೆ ನನ್ನ ಹತ್ರ ಇಲ್ಲ. ಹೋಗ್ಬೇಡ ವೆಂಡೆಲ್. ನೀನಂದ್ರೆ ನನಗಿಷ್ಟ."

ಅವನು ಫೋನ್ ತೆಗೆದು ಅಲ್ಲೇ ನಿಂತು ಇಲ್ಲಿನ ಫೆರಿಯವರಿಗೆ ಕರೆ ಮಾಡಿದ. "ಆ ಕೆಲಸ ಇನ್ನೂ ಇದೆಯಾ?" ಎಂದು ಕೇಳಿದ. ನಾನು ಅವನ ತುಟಿಗಳನ್ನೇ ನೋಡಿದೆ. "ಸೋಮವಾರ ಬರ್ತೀನಿ ಹಾಗಾದ್ರೆ," ಎಂದಾಗ ಕುಣಿದುಬಿಡುವಷ್ಟು ಖುಷಿಯಾಯಿತು. ಮಿಶಿಗನ್‌ನವರಿಗೂ ಕರೆ ಮಾಡಿ ಕ್ಷಮೆ ಕೇಳಿ, ಫೋನ್ ಜೇಬಿಗಿಟ್ಟ.

ಹೊಲಿಗೆ ಮಿಷನ್ ಬಂದರಿನ ಕಟ್ಟೆಗೇ ತರಿಸಿ ಪಟ್ಟಿ ಸೇರಿಸಿದೆ. ಅಷ್ಟರಲ್ಲಿ ಬಿಸಿಲೇರಿ ಪ್ಲಾಸ್ಟಿಕ್ ಮೆತ್ತಗಾಗಿತ್ತು. ಗೂಡಿನೊಳಗೆ ಇಬ್ಬರೂ ಮಂಡಿಯೂರಿ ಜಿಪ್ ಹಿಡಿದೆವು. ನನ್ನ ಕೈ ಮೇಲೆ ಅವನ ಕೈ. ಜಿಪ್ ಮೇಲಿನ ತನಕ ಸಲೀಸಾಗಿ ಸರಿಯಿತು.

"ಇನ್ಮೇಲೆ ಇದಕ್ಕೆ ಚಾಕು ತಾಗಿಸಿದ್ರೆ ನೋಡು," ಎಂದೆ.

"ಇನ್ಮೇಲೆ ನೆಪ ಯಾಕೆ ಬೇಕು?" ಎಂದ. ಆಮೇಲೆ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಮುತ್ತಿಟ್ಟ. ಅವನ ತುಟಿಯಲ್ಲಿ ಕಾಫಿಯ ರುಚಿಯಿತ್ತು.

ಹೊರಗೆ ಯಾರೋ ಚಪ್ಪಾಳೆ ತಟ್ಟಿದರು. ಪಕ್ಕದ ದೋಣಿಯವರು, ಪೆಟ್ರೋಲ್ ಹಾಕುವವನು, ಬಂದರಿನ ಅರ್ಧ ಜನ ಕಟ್ಟೆಯ ಮೇಲೆ ನಿಂತಿದ್ದರು. ಎಲ್ಲರ ಮುಂದೆ ಥೋರಾ ಚಿಕ್ಕಮ್ಮ.

"ಕೆಲಸ ಚೆನ್ನಾಗಿ ಆಗಿದೆ ಕಣೇ ಸನ್ನಿ!" ಎಂದು ಕೂಗಿದಳು. "ಒಳಗಿರೋದೆಲ್ಲ ಕಾಣುತ್ತೆ!"

"ಹಳೇ ಕಿಟಕೀನೇ ಇರ್ಬೇಕಿತ್ತು," ಎಂದು ವೆಂಡೆಲ್ ತಲೆ ತಗ್ಗಿಸಿ ಗೊಣಗಿದ.

"ನೋಡಿದ್ರೆ ನೋಡ್ಲಿ ಬಿಡು," ಎಂದು ಅವನ ಕಾಲರ್ ಹಿಡಿದು ಮತ್ತೆ ಹತ್ತಿರ ಎಳೆದುಕೊಂಡೆ.