ಕೋರಾಳ ಹಾಲಿನ ಬಾಟಲಿ

ಶವಪೆಟ್ಟಿಗೆಯ ಮುಚ್ಚಳ ಹಾಕುವ ಮೊದಲು ಒಲೀಟಾ ಅಜ್ಜಿ ಹಾಲಿನ ಬಾಟಲಿಯನ್ನು ಮಗುವಿನ ಪಕ್ಕದಲ್ಲಿಟ್ಟಳು. ಮಗುವಿನ ಅಪ್ಪ ಗ್ರೇಡಿ ಅದನ್ನು ಎತ್ತಿ ಕೋಟಿನ ಜೇಬಿಗೆ ಹಾಕಿಕೊಂಡ. ಕೋರಾಳದ್ದೆಂದು ಒಂದಾದರೂ ವಸ್ತು ಮನೆಯಲ್ಲಿ ಉಳಿಯಲಿ ಎಂಬುದಷ್ಟೇ ಅವನ ಆಸೆ.

ಒಹಾಯೋದ ನಮ್ಮ ಗುಡ್ಡಗಾಡಿನಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಎಳೆಗೂಸು ತೀರಿಕೊಂಡರೆ ಅದು ಕುಡಿದ ಬಾಟಲಿ ಅದರೊಂದಿಗೇ ಮಣ್ಣಿಗೆ ಹೋಗಬೇಕು. ಗ್ರೇಡಿ ಕೊಲಂಬಸ್ ಪಟ್ಟಣದವನು, ಹೆಂಡತಿ ನೆಲ್ಡಾಳ ಊರಿಗೆ ಬಂದು ನೆಲೆಸಿದ ಅಳಿಯ. ನಾಲ್ಕಕ್ಷರ ಕಲಿತವನೆಂಬ ಜಂಬ ಬೇರೆ.

"ವಾಪಸ್ ಇಡಪ್ಪ," ಎಂದಳು ನೆಲ್ಡಾಳ ಅಜ್ಜಿ ಒಲೀಟಾ. "ಇದ್ರಲ್ಲಿ ಇನ್ಯಾವ ಜೀವ ಹಾಲು ಕುಡಿದ್ರೂ ಕೋರಾಗೆ ಬಂದಷ್ಟೇ ಆಯಸ್ಸು ಅದಕ್ಕೂ ಬರುತ್ತೆ. ಲೆಕ್ಕಕ್ಕೆ ಒಂದು ದಿನ ಹೆಚ್ಚಿಲ್ಲ. ಸಾವೂ ಅದೇ."

"ಪ್ಲಾಸ್ಟಿಕ್ ಅಜ್ಜಿ ಇದು," ಎಂದ ಗ್ರೇಡಿ. "ಇದಕ್ಕೂ ಸ್ವರ್ಗಕ್ಕೆ ಟಿಕೆಟ್ ಮಾಡಿಸ್ಬೇಕಾ?"

ಅಜ್ಜಿ ಮುಚ್ಚಳ ಹಾಕಿಸಿದಳು.

ಕೋರಾ ಬದುಕಿದ್ದು ಎರಡು ವರ್ಷ, ಐದು ತಿಂಗಳು, ಹನ್ನೊಂದು ದಿನ. ಗಂಟಲು ಊದಿ, ನಾಯಿಮರಿ ಬೊಗಳಿದಂತೆ ಕೆಮ್ಮುತ್ತಾ, ಉಸಿರು ಕಟ್ಟಿ ಸತ್ತಳು. ಎರಡು ಪಾಳಿ ಕೆಲಸ ಮಾಡಿ ಬಂದಿದ್ದ ನೆಲ್ಡಾ ಮಗುವಿನ ಎದೆಗೆ ಕರ್ಪೂರದ ಮುಲಾಮು ಹಚ್ಚಿ, ಪಕ್ಕದ ಕುರ್ಚಿಯಲ್ಲಿ ಕೂತವಳು ನಿದ್ದೆ ಹೋಗಿದ್ದಳು. ಎಚ್ಚರವಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ಅವಳು ಅಳಲೂ ಇಲ್ಲ, ಸರಿಯಾಗಿ ಉಣ್ಣಲೂ ಇಲ್ಲ. ಆ ಕುರ್ಚಿಯಲ್ಲೇ ಕೂತು ಕೂತು ಸವೆದಳು. ಹೀಗೇ ಬಿಟ್ಟರೆ ಇವಳೂ ಕೈತಪ್ಪುತ್ತಾಳೆ ಎಂದು ಗ್ರೇಡಿಗೆ ದಿಗಿಲಾಯಿತು.

ಆ ಕಾಲಕ್ಕೆ ನಮ್ಮ ಕಡೆ ಹುಲಿ ಸಾಕಲು ಕಾನೂನಿನ ಅಡ್ಡಿಯಿರಲಿಲ್ಲ, ಹುಲಿಮರಿ ಕೊಳ್ಳುವುದು ಕರು ಕೊಂಡಷ್ಟೇ ಸಲೀಸು. ನದಿಯಾಚೆ ಒಬ್ಬನ ಕೊಟ್ಟಿಗೆಯಲ್ಲಿ ಹುಲಿ ಈದಿದೆ, ತಾಯಿ ಹಾಲೂಡಿಸುತ್ತಿಲ್ಲ ಎಂಬ ಸುದ್ದಿ ಬಂದದ್ದೇ ತಡ, ಗ್ರೇಡಿ ಟ್ರಕ್ಕು ಹತ್ತಿದ. ಆ ದಿನವೇ ಹುಟ್ಟಿದ, ಕಣ್ಣೂ ಬಿಡದ ಹೆಣ್ಣುಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ತಂದ. ಹೊಸ ಬಾಟಲಿಯನ್ನು ಅದು ಬಾಯಿಗೂ ಮುಟ್ಟಿಸಿಕೊಳ್ಳಲಿಲ್ಲ. ಸಂಜೆಯ ಹೊತ್ತಿಗೆ ತಣ್ಣಗಾಗತೊಡಗಿತು. ಅವನು ಮೇಜಿನ ಖಾನೆ ತೆಗೆದು ಕೋರಾಳ ಬಾಟಲಿಗೆ ಹಾಲು ತುಂಬಿ ಕೊಟ್ಟ. ಮರಿ ಗಟಗಟನೆ ಹೀರಿತು. ನೆಲ್ಡಾ ಕುರ್ಚಿಯಿಂದ ಎದ್ದು ಬಂದಳು, ಅದನ್ನು ಮಡಿಲಿಗೆ ಎಳೆದುಕೊಂಡು ಮೊದಲ ಸಲ ಗೊಳೋ ಎಂದು ಅತ್ತಳು. ಅಜ್ಜಿಯ ಶಾಸ್ತ್ರಕ್ಕಿಂತ ಇದೇ ದೊಡ್ಡ ಮದ್ದು ಎಂದುಕೊಂಡ ಗ್ರೇಡಿ. ಪಾಪ, ಅವನದೇನು ತಪ್ಪು ಹೇಳಿ.

ಪೀಚಸ್ ಎಂದು ಹೆಸರಿಟ್ಟರು. ಕೋರಾಳ ಕೋಣೆಯಲ್ಲಿ ಬೆಳೆಯಿತು, ಕೋರಾಳ ಕಂಬಳಿಯಲ್ಲಿ ಮಲಗಿತು. ಮಂಚ ಮುರಿಯುವಷ್ಟು ದೊಡ್ಡದಾದ ಮೇಲೆ ಹಿತ್ತಲಿನ ಕೊಟ್ಟಿಗೆಗೆ ಕಬ್ಬಿಣದ ಸರಳು ಹಾಕಿಸಿದರು. ರಸ್ತೆಯಲ್ಲಿ ವಾಹನಕ್ಕೆ ಸಿಕ್ಕು ಸತ್ತ ಜಿಂಕೆಗಳನ್ನು ಊರವರೇ ತಂದು ಹಾಕುತ್ತಿದ್ದರು. ನೆಲ್ಡಾಳನ್ನು ಕಂಡರೆ ಅದು ಮೂಗಿನಿಂದ ಫುರ್ ಫುರ್ ಎಂದು ಮಾತಾಡಿಸುತ್ತಿತ್ತು, ಅವಳೂ ಹಾಗೇ ಉತ್ತರ ಕೊಡುತ್ತಿದ್ದಳು. ಅವಳ ಕೆನ್ನೆ ಮತ್ತೆ ತುಂಬಿಕೊಂಡವು.

ಒಲೀಟಾ ಅಜ್ಜಿ ಮಾತ್ರ ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಎಣಿಸುತ್ತಿದ್ದಳು. ಮಾರ್ಚ್ ತಿಂಗಳ ಒಂದು ಭಾನುವಾರ ಬಂದು, ಮಂಗಳವಾರಕ್ಕೆ ಕೋರಾಳ ಲೆಕ್ಕ ತುಂಬುತ್ತದೆ, ಅವತ್ತು ನೆಲ್ಡಾಳನ್ನು ಕೊಟ್ಟಿಗೆಯ ಹತ್ತಿರ ಬಿಡಬೇಡ ಎಂದಳು. ಮುನ್ನೂರು ಪೌಂಡಿನ ಹುಲಿಗೂ ಮಕ್ಕಳ ಕೆಮ್ಮು ಬರುತ್ತದೆಯೇ ಎಂದು ಗ್ರೇಡಿ ನಕ್ಕುಬಿಟ್ಟ.

ಮಂಗಳವಾರ ಬೆಳಿಗ್ಗೆ ಅವನು ಕೊಟ್ಟಿಗೆಯ ಬಾಗಿಲು ತೆಗೆದಾಗ ಮೊದಲು ಬಂದದ್ದು ವಾಸನೆ. ಹುಲಿಯ ಉಚ್ಚೆಯ ಗಾಟಲ್ಲ. ಹುಳಿಹಾಲು, ಅದರ ಮೇಲೆ ಕರ್ಪೂರದ ಮುಲಾಮು. ಆ ಡಬ್ಬಿಯನ್ನು ಅವನೇ ಕೋರಾ ಸತ್ತ ದಿನ ಹೊಳೆಗೆ ಎಸೆದಿದ್ದ. ಒಳಗಿನ ಕತ್ತಲಲ್ಲಿ ಏನೋ ಕೆಮ್ಮಿತು.

ನಾಯಿಮರಿ ಬೊಗಳಿದಂತೆ.

ಗ್ರೇಡಿ ಫೋನಿಗೆ ಓಡಿದ. ಎಷ್ಟು ಜನ ಪಶುವೈದ್ಯರಿಗೆ ಫೋನು ಮಾಡಿದನೋ, ಸಾಕಿದ ಹುಲಿಯೆಂದರೆ ಯಾರೂ ಬರಲೊಪ್ಪಲಿಲ್ಲ. ಕೆಮ್ಮು ಕೇಳಿ ನೆಲ್ಡಾ ಬರಿಗಾಲಲ್ಲಿ ಓಡಿ ಬಂದಳು. ಅವನು ತಡೆಯುವಷ್ಟರಲ್ಲಿ ಸರಳಿನ ಬಾಗಿಲು ದಾಟಿ ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳು.

"ಹೊರಗೆ ಬಾ ನೆಲ್ಡಾ. ಅದಕ್ಕೆ ಈಗ ನಿನ್ನ ಗುರುತು ಸಿಗಲ್ಲ."

"ಹೋದ ಸಲ ನಿದ್ದೆ ಮಾಡ್ಬಿಟ್ಟೆ," ಎಂದಳು ಅವಳು. "ಈ ಸಲ ಎದ್ದಿರ್ತೀನಿ."

ಹುಲಿಯ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಅದರ ಪಕ್ಕೆಗಳು ಒಳಸೇದಿಕೊಂಡವು. ಗಂಟಲಲ್ಲಿ ಸಿಳ್ಳೆ. ನಾಲಿಗೆ ನೀಲಿ. ಗ್ರೇಡಿ ಬಂದೂಕು ತಂದ. ಮತ್ತೆ ಕೆಮ್ಮು. ಉಸಿರು ಸಿಗಲಿಲ್ಲ. ಹುಲಿ ಎದ್ದಿತು. ಎರಡೂ ಮುಂಗಾಲು ಚಾಚಿ ಅವಳನ್ನು ಅಪ್ಪಿತು. ಉಸಿರು ಕಟ್ಟಿದ ಕೂಸು ಅವ್ವನನ್ನು ತಬ್ಬುವ ಹಾಗೆ. ಉಗುರು ಇಳಿದವು. ಅವಳ ಎಡ ಭುಜ ಲಟಕ್ಕೆಂದಿತು. ಅವಳು ಕಿರುಚಲಿಲ್ಲ. ಫುರ್ ಫುರ್ ಎಂದು ಸಮಾಧಾನ ಮಾಡುತ್ತಲೇ ಇದ್ದಳು. ಗ್ರೇಡಿ ಗುಂಡು ಹಾರಿಸಿದ, ಆದರೆ ಅಷ್ಟರಲ್ಲಿ ಹುಲಿಯ ಉಸಿರು ಕಟ್ಟಿಯೇ ಹೋಗಿತ್ತು.

ನೆಲ್ಡಾ ಉಳಿದಳು, ಎಡಗೈ ಉಳಿಯಲಿಲ್ಲ. ಪೀಚಸ್ಸನ್ನು ಕೋರಾಳ ಪಕ್ಕದಲ್ಲೇ ಹೂತರು. ಒಲೀಟಾ ಅಜ್ಜಿ ಬಂದು ಮೊದಲ ಹಿಡಿ ಮಣ್ಣು ಹಾಕಿದಳು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನೆಲ್ಡಾ ಮತ್ತೆ ಅದೇ ಕುರ್ಚಿ ಹಿಡಿದಳು. ಏಪ್ರಿಲಿನ ಒಂದು ಮಧ್ಯಾಹ್ನ ಗ್ರೇಡಿ ಒಳಗೆ ಬಂದಾಗ ಕುರ್ಚಿ ಖಾಲಿಯಿತ್ತು. ಅಡುಗೆಮನೆಯಲ್ಲಿ ಅವಳು ಬಾಟಲಿಯನ್ನು ಎದೆಗೂ ಕಟ್ಟೆಗೂ ನಡುವೆ ಒತ್ತಿ ಹಿಡಿದು, ಒಂದೇ ಕೈಯಲ್ಲಿ ಉಜ್ಜಿ ತೊಳೆಯುತ್ತಿದ್ದಳು. ಗ್ರೇಡಿಗೆ ಅಳು ಬಂತು.

"ಅಜ್ಜಿ ಹೇಳಿದ್ದು ನಿಜ ಕಣೇ," ಎಂದ. "ತಪ್ಪು ನಂದು. ಕೊಡು, ಕೋರಾ ಹತ್ರ ಹೂತು ಬರ್ತೀನಿ. ಮುಗಿದುಹೋಗ್ಲಿ."

"ನಿಜ ಅಂತ ನಂಗೂ ಗೊತ್ತು," ಎಂದಳು ನೆಲ್ಡಾ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ನದಿಯಾಚೆ ಮತ್ತೆ ಮರಿ ಆಗಿವೆಯಂತೆ. ಎರಡು ವರ್ಷ, ಐದು ತಿಂಗಳು, ಹನ್ನೊಂದು ದಿನ. ಅಷ್ಟಂತೂ ಇರುತ್ತಲ್ಲ."

ಅವಳ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಒಂದು ಕಳೆ ಬಂದಿತ್ತು. ಗ್ರೇಡಿ ಅದನ್ನೇ ನೋಡುತ್ತಾ ನಿಂತ. ಆಮೇಲೆ ಮೊಳೆಗೆ ತೂಗುಹಾಕಿದ್ದ ಟ್ರಕ್ಕಿನ ಕೀಲಿ ತೆಗೆದುಕೊಂಡು ಹೊರಗೆ ಹೋದ.